ದಸರಾ ರಜೆಗೆ ಕೀನ್ಯಾ: ಸ್ವೆಟರ್ ಬೇಕಾ? ಲಸಿಕೆ ಯಾವಾಗ?

ಕುಕ್ಕರಹಳ್ಳಿ ವಾಕರ್ (ಪ್ರಶ್ನೆ)

ದಸರಾ ರಜೆಯಲ್ಲಿ, ಅಂದರೆ ಅಕ್ಟೋಬರ್‌ನಲ್ಲಿ, ಮೈಸೂರಿನಿಂದ ಐದು ಜನ ಕೀನ್ಯಾಕ್ಕೆ ಹೊರಟಿದ್ದೇವೆ. ಇನ್ನು ಏಳು ವಾರ ಇದೆ. ನೈರೋಬಿ ಒಂದು ರಾತ್ರಿ, ನಕುರು ಒಂದು, ಮಸಾಯಿ ಮಾರಾ ಮೂರು, ಅಂಬೋಸೆಲಿ ಎರಡು, ಕೊನೆಗೆ ಮೊಂಬಾಸಾ ಎರಡು. ಓಡಾಟ ಎಲ್ಲ ವ್ಯಾನಿನಲ್ಲಿ. ಅಮ್ಮನಿಗೆ 67, ಎರಡು ಹೊತ್ತು ಇನ್ಸುಲಿನ್. ಮಗನಿಗೆ 7. ಎಲ್ಲರೂ ಸಸ್ಯಾಹಾರಿಗಳು. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ‘ಕಾಟನ್ ಬಟ್ಟೆ, ಟೋಪಿ, ಸನ್‌ಸ್ಕ್ರೀನ್’ ಅಂತ ಮೂರೇ ಐಟಂ. ಫೋನಿನಲ್ಲಿ ಹವಾಮಾನ ನೋಡಿದರೆ ಒಂದು ಊರಲ್ಲಿ 12 ಡಿಗ್ರಿ, ಇನ್ನೊಂದರಲ್ಲಿ 30. ಯಾವುದನ್ನು ನಂಬಿ ಪ್ಯಾಕ್ ಮಾಡೋದು? ಲಸಿಕೆ, ಮಾತ್ರೆ, ಊಟದ ಬಗ್ಗೆಯೂ ಗೊತ್ತಿರೋರು ಹೇಳಿ.

ಮಂಡಿಮೊಹಲ್ಲಾ

ಆಫ್ರಿಕಾ ಕಣ್ರೀ, ಸ್ವೆಟರ್ ಯಾಕೆ? ಏಪ್ರಿಲ್‌ನಲ್ಲಿ ಮಂಡ್ಯಕ್ಕೆ ಹೋಗೋ ಹಾಗೆ ಹೋಗಿ ಬನ್ನಿ.

ಎತ್ತರ ನೋಡಿ

ಈ ಮಾತು ಕೇಳಿ ಹೋದರೆ ಮಾರಾದಲ್ಲಿ ಬೆಳಿಗ್ಗೆ ಆರು ಗಂಟೆಗೆ ಹಲ್ಲು ಕಟಕಟ ಅನ್ನುತ್ತೆ. ಭೂಮಧ್ಯರೇಖೆ ಕೀನ್ಯಾ ಮೇಲೇ ಹಾದುಹೋಗೋದು ನಿಜ. ಆದರೆ ಅಲ್ಲಿ ಚಳಿಯೋ ಸೆಕೆಯೋ ಅಂತ ತೀರ್ಮಾನಿಸೋದು ತಿಂಗಳಿಗಿಂತ ಹೆಚ್ಚಾಗಿ ಎತ್ತರ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತೆ. ನಮ್ಮ ಮೈಸೂರು ಸುಮಾರು 770 ಮೀಟರ್, ಮಡಿಕೇರಿ 1,150ರ ಆಸುಪಾಸು, ಊಟಿ 2,240. ಈ ಮೂರನ್ನು ತಲೆಯಲ್ಲಿಟ್ಟುಕೊಂಡು ನಿಮ್ಮ ದಾರಿ ನೋಡಿ. ಅಂಬೋಸೆಲಿ ಮಡಿಕೇರಿಯಷ್ಟೇ ಎತ್ತರ, ಆದರೆ ಕಿಲಿಮಂಜಾರೋ ಪರ್ವತದ ಮಳೆನೆರಳಲ್ಲಿ ಬಿದ್ದಿರೋ ಒಣ ಬಯಲು. ಮಾರಾ 1,500ರಿಂದ ಮೇಲೆ. ನೈರೋಬಿ ಹತ್ತಿರ ಹತ್ತಿರ 1,700, ನಕುರು 1,850, ಎರಡೂ ಮಡಿಕೇರಿಗೂ ಊಟಿಗೂ ನಡುವೆ. ಮೊಂಬಾಸಾ ಮಾತ್ರ ಸಮುದ್ರಮಟ್ಟ. ಮಂಗಳೂರು ಅಂದುಕೊಳ್ಳಿ, ರಾತ್ರಿಯೂ ಬೆವರು ಆರಲ್ಲ. ನಿಮ್ಮ ಫೋನಿನ 12 ಡಿಗ್ರಿಯೂ ಸರಿ, 30 ಡಿಗ್ರಿಯೂ ಸರಿ.

ಅದಕ್ಕೇ ಒಂದು ದಪ್ಪ ಜಾಕೆಟ್‌ಗಿಂತ ಮೂರು ತೆಳು ಪದರ ವಾಸಿ: ಒಳಗೆ ಟೀ ಶರ್ಟ್, ಮೇಲೆ ತುಂಬುತೋಳಿನ ಕಾಟನ್ ಶರ್ಟ್, ಅದರ ಮೇಲೆ ಫ್ಲೀಸ್ ಅಥವಾ ಮನೆಯಲ್ಲಿರೋ ಸಾಧಾರಣ ಸ್ವೆಟರ್. ಜತೆಗೆ ಗಾಳಿ ತಡೆಯೋ ತೆಳು ವಿಂಡ್‌ಚೀಟರ್, ಕಿವಿ ಮುಚ್ಚೋ ಟೋಪಿ. ಸಫಾರಿ ವ್ಯಾನಿನ ಛಾವಣಿ ಮೇಲಕ್ಕೆ ಎತ್ತಿರ್ತಾರೆ, ನೀವು ನಿಂತು ನೋಡ್ತೀರಿ, ಗಾಳಿ ನೇರ ಎದೆಗೆ. ಒಂಬತ್ತಕ್ಕೆ ಫ್ಲೀಸ್ ಕಳಚಿ, ಹನ್ನೊಂದಕ್ಕೆ ಬಿಸಿಲು ಚುರುಕು. ತಂಪು ಗಾಳಿ ಇರೋದರಿಂದ ಚರ್ಮ ಸುಡ್ತಾ ಇರೋದು ಗೊತ್ತಾಗಲ್ಲ, ಸಂಜೆ ಕತ್ತಿನ ಹಿಂಭಾಗ, ಕಿವಿತುದಿ, ಮುಂಗೈ ಉರಿಯುವಾಗಲೇ ತಿಳಿಯೋದು. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಿ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆ ಕ್ರೀಮ್. ತಿರುವುಮುರುವು ಮಾಡಿದರೆ ಸೊಳ್ಳೆ ಕ್ರೀಮ್ ಅಡಿಗೆ ಹೋಗಿ ಕೆಲಸ ಮಾಡಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಕಡು ನೀಲಿ ಮತ್ತು ಕಪ್ಪು ಬೇಡ. ಟ್ಸೆಟ್ಸೆ ನೊಣಕ್ಕೆ ಆ ಎರಡು ಬಣ್ಣ ಕಂಡರೆ ಆಯಿತು. ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತೆ, ಕ್ರೀಮ್‌ಗೂ ಅಷ್ಟಾಗಿ ಜಗ್ಗಲ್ಲ. ಬಿಳಿ ಬಟ್ಟೆ ಅಂಬೋಸೆಲಿಯ ಧೂಳಿಗೆ ಒಂದೇ ದಿನಕ್ಕೆ ಮುಗೀತು. ಆ ಧೂಳು ಒಣಗಿದ ಕೆರೆಯ ತಳದ ಕ್ಷಾರದ ಪುಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಕನ್ನಡಕ ತಗೊಂಡು ಹೋಗಿ.

ಇನ್ನೊಂದು ಮಾತು. ಅಕ್ಟೋಬರ್ ಅಂದರೆ ಒಣಗಾಲದ ಬಾಲ, ಸಣ್ಣ ಮಳೆಗಾಲದ ತಲೆ. ಮಾರಾದಲ್ಲಿ ಮಧ್ಯಾಹ್ನದ ಮಳೆ ಬೀಳಬಹುದು. ಅಲ್ಲಿನದು ಎರೆಮಣ್ಣು. ಒಂದು ಮಳೆಗೆ ಅಂಟಾಗಿ ವ್ಯಾನಿನ ಚಕ್ರ ನಿಂತಲ್ಲೇ ತಿರುಗುತ್ತೆ. ಮಾರಾದ ಮೂರು ದಿನಕ್ಕಾದರೂ ನಾಲ್ಕೂ ಚಕ್ರಕ್ಕೆ ಎಳೆತ ಇರೋ ಜೀಪ್ ಕೇಳಿ, ದುಡ್ಡು ಜಾಸ್ತಿಯಾದರೂ ಸರಿ.

ಕೋಲ್ಡ್ ಚೈನ್

ಬಟ್ಟೆ ಕೊನೇ ವಾರಕ್ಕೆ ನೋಡಿದರೂ ನಡೆಯುತ್ತೆ. ಯೆಲ್ಲೋ ಫೀವರ್ (ಆಫ್ರಿಕಾದಲ್ಲಿ ಸೊಳ್ಳೆಯಿಂದ ಹರಡೋ ವೈರಸ್ ಜ್ವರ) ಲಸಿಕೆ ಈ ವಾರದ ಕೆಲಸ. ಭಾರತದಿಂದ ನೇರ ಬರುವವರನ್ನು ಕೀನ್ಯಾದವರು ಇದಕ್ಕಾಗಿ ತಡೆಯಲ್ಲ. ತಡೆಯೋದು ವಾಪಸ್ ಬಂದಾಗ, ನಮ್ಮದೇ ವಿಮಾನ ನಿಲ್ದಾಣದಲ್ಲಿ. ಲಸಿಕೆ ಹಾಕಿಸಿದ್ದಕ್ಕೆ ಸರಿಯಾದ ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇಡುವ ಅಧಿಕಾರ ಅವರಿಗಿದೆ. ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಕಾರ್ಡ್ ಊರ್ಜಿತ, ಆಮೇಲೆ ಜೀವಮಾನಪೂರ್ತಿ. 10 ವರ್ಷಕ್ಕೊಮ್ಮೆ ಅನ್ನೋ ನಿಯಮ 2016ಕ್ಕೇ ಹೋಯಿತು.

ಸಿಕ್ಕಸಿಕ್ಕ ಕ್ಲಿನಿಕ್ಕಿನ ಕಾರ್ಡ್ ನಡೆಯಲ್ಲ, ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರವೇ ಆಗಬೇಕು. ಒಂದು ಸೀಸೆಯಲ್ಲಿ ಹಲವರಿಗಾಗೋವಷ್ಟು ಡೋಸ್ ಇರುತ್ತೆ, ಕಲಸಿದ ಮೇಲೆ 6 ಗಂಟೆಯೊಳಗೆ ಖರ್ಚಾಗಬೇಕು. ಅದಕ್ಕೇ ವಾರದಲ್ಲಿ ಗೊತ್ತಾದ ದಿನ ಮಾತ್ರ ಜನ ಕೂಡಿಸಿ ಹಾಕ್ತಾರೆ. ಮೊದಲೇ ದಿನ ಗೊತ್ತುಮಾಡಿಕೊಳ್ಳಿ, ಮೂಲ ಪಾಸ್‌ಪೋರ್ಟ್ ಒಯ್ಯಿರಿ. ಕಾರ್ಡ್ ಕೈಗೆ ಕೊಟ್ಟಾಗ ಹೆಸರಿನ ಕಾಗುಣಿತ, ಪಾಸ್‌ಪೋರ್ಟ್ ನಂಬರ್ ಅಲ್ಲೇ ನಿಂತು ತಾಳೆ ನೋಡಿ.

ನಿಮ್ಮ ಮನೆಯಲ್ಲಿ ನಿಜವಾಗಿ ಯೋಚಿಸಬೇಕಾದ್ದು ಅಮ್ಮನ ವಿಷಯ. ಇದು ಜೀವಂತ ವೈರಸ್ ಲಸಿಕೆ. 60 ದಾಟಿದವರಿಗೆ ಮೊದಲ ಸಲ ಹಾಕುವಾಗ ಗಂಭೀರ ಅಡ್ಡಪರಿಣಾಮದ ಸಂಭವ ಅಪರೂಪವಾದರೂ ಬೇರೆಯವರಿಗಿಂತ ಹೆಚ್ಚು. ಮಧುಮೇಹ ಒಂದೇ ಅಡ್ಡಿಯಲ್ಲ. ಆದರೆ ಸ್ಟೆರಾಯ್ಡ್ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ, ಥೈಮಸ್ ಗ್ರಂಥಿಯ ಕಾಯಿಲೆ, ಮೊಟ್ಟೆಯ ತೀವ್ರ ಅಲರ್ಜಿ ಇವೆಯಾ ಅಂತ ಅವರ ವೈದ್ಯರಿಂದ ಬರೆಸಿಕೊಂಡೇ ಕೇಂದ್ರಕ್ಕೆ ಹೋಗಿ. ಬೇಡ ಅಂದರೆ ವಿನಾಯಿತಿ ಪತ್ರದ ವಿಚಾರವನ್ನು ಟಿಕೆಟ್ ರದ್ದು ಮಾಡೋ ಅವಧಿ ಇರುವಾಗಲೇ ಇತ್ಯರ್ಥ ಮಾಡಿಕೊಳ್ಳಿ.

ಮಲೇರಿಯಾಕ್ಕೆ ಲಸಿಕೆ ಅಲ್ಲ, ಮಾತ್ರೆ. ಅಲ್ಲಿಯದು ಬಹುಪಾಲು ಫಾಲ್ಸಿಪೇರಮ್ ಅನ್ನೋ ಅಪಾಯದ ಬಗೆ, ಹಳೇ ಮಲೇರಿಯಾ ಮಾತ್ರೆ ಕ್ಲೋರೊಕ್ವಿನ್‌ಗೆ ಬಗ್ಗಲ್ಲ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಹೋಗೋ 1-2 ದಿನ ಮುಂಚೆ ಶುರು, ದಿನಕ್ಕೊಂದು, ಬಂದ ಮೇಲೆ 7 ದಿನ. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೂ 4 ವಾರ. ಮಗನಿಗೆ ಡಾಕ್ಸಿ ಸಲ್ಲ, 8 ವರ್ಷದ ಒಳಗಿನವರಿಗೆ ಸಾಮಾನ್ಯವಾಗಿ ಕೊಡಲ್ಲ. ಅವನ ಪ್ರಮಾಣವನ್ನು ತೂಕ ನೋಡಿ ವೈದ್ಯರು ಬರೆಯಬೇಕು.

ಬಿ.ಫಾರ್ಮಾ ಮದ್ದೂರು

ಡಾಕ್ಸಿ ಬಗ್ಗೆ ಒಂದು ಸೇರಿಸ್ತೀನಿ. ನಮ್ಮವರು ಮಾತ್ರೆ ನುಂಗಿ ಮಜ್ಜಿಗೆ ಕುಡೀತಾರೆ. ಹಾಲು, ಮೊಸರು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಅಸಿಡಿಟಿ ಟಾನಿಕ್ ಜತೆ ಹೋದರೆ ಔಷಧ ಮೈಗೆ ಹತ್ತೋದು ಕಡಿಮೆ. ಊಟದ ಜತೆ ತುಂಬು ಲೋಟ ನೀರಲ್ಲಿ ನುಂಗಿ, ಅರ್ಧ ಗಂಟೆ ಮಲಗಬೇಡಿ. ಗಂಟಲ ಕೆಳಗೆ ಅಂಟಿಕೊಂಡು ಹುಣ್ಣು ಮಾಡೋ ಮಾತ್ರೆ ಅದು. ಬಿಸಿಲಿಗೆ ಚರ್ಮವನ್ನೂ ನಾಜೂಕು ಮಾಡುತ್ತೆ. ಅಟೊವಾಕ್ವೋನ್‌ಗೆ ಇದರ ತದ್ವಿರುದ್ಧ, ಜಿಡ್ಡಿನ ಊಟ ಅಥವಾ ಹಾಲಿನ ಜತೆಗೇ ಚೆನ್ನಾಗಿ ಹತ್ತುತ್ತೆ. ಊರಿಗೆ ಬಂದ ಮೂರು ತಿಂಗಳೊಳಗೆ ಜ್ವರ ಬಂದರೆ ಡಾಕ್ಟರಿಗೆ ಮೊದಲ ವಾಕ್ಯವೇ ‘ಕೀನ್ಯಾಕ್ಕೆ ಹೋಗಿದ್ದೆವು’ ಅಂತಿರಲಿ. ಹೇಳದಿದ್ದರೆ ಇಲ್ಲಿ ಎಲ್ಲರೂ ಮೊದಲು ಡೆಂಗಿಯನ್ನೇ ಹುಡುಕೋದು.

ಕುಕ್ಕರಹಳ್ಳಿ ವಾಕರ್

ಲಸಿಕೆ ವಿಷಯ ಯಾರೂ ಹೇಳಿರಲಿಲ್ಲ, ನಾಳೆಯೇ ವಿಚಾರಿಸ್ತೀನಿ. ಇನ್ಸುಲಿನ್ ಹೇಗೆ ಒಯ್ಯೋದು? ಐಸ್ ಬಾಕ್ಸ್ ಸಾಕಾ?

ಬಿ.ಫಾರ್ಮಾ ಮದ್ದೂರು

ಐಸ್ ಮುಟ್ಟಿಸಲೇಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಚೆಕ್-ಇನ್ ಬ್ಯಾಗಿನಲ್ಲೂ ಬೇಡ, ಕೈಚೀಲದಲ್ಲಿ ವೈದ್ಯರ ಚೀಟಿಯೊಂದಿಗೆ ಇರಲಿ. ಹೋಟೆಲ್ ಮಿನಿ ಫ್ರಿಜ್‌ನಲ್ಲಿ ಹಿಂದಿನ ಗೋಡೆಗೆ ತಾಗದ ಹಾಗೆ ಬಾಗಿಲಲ್ಲಿಡಿ. ಬಳಕೆಯಲ್ಲಿರೋ ಪೆನ್ ಸಾಮಾನ್ಯವಾಗಿ 30 ಡಿಗ್ರಿ ಒಳಗೆ ನಾಲ್ಕು ವಾರ ತಡೆಯುತ್ತೆ, ನಿಮ್ಮ ಪೆನ್ನಿನ ಚೀಟಿಯನ್ನೂ ಓದಿಕೊಳ್ಳಿ. ನಕುರು, ಮಾರಾದಲ್ಲಿ ಚಿಂತೆಯಿಲ್ಲ. ಅಂಬೋಸೆಲಿಯ ಮಧ್ಯಾಹ್ನಕ್ಕೆ ನೀರಲ್ಲಿ ನೆನೆಸಿ ಬಳಸೋ ಪೌಚ್ ಸಾಕು, ಮಣ್ಣಿನ ಹೂಜಿಯ ತತ್ವವೇ ಅದು. ಆದರೆ ಮೊಂಬಾಸಾದ ಗಾಳಿಯಲ್ಲೇ ತೇವ ತುಂಬಿರೋದರಿಂದ ಅದೇ ಪೌಚ್ ಸರಿಯಾಗಿ ತಣಿಯಲ್ಲ. ಅಲ್ಲಿ ಫ್ರಿಜ್ ಇರೋ ರೂಮೇ ಬೇಕು. ಎಷ್ಟೋ ಟೆಂಟ್ ಕ್ಯಾಂಪ್‌ಗಳಲ್ಲಿ ಜನರೇಟರ್ ಕೆಲವು ಗಂಟೆ ಮಾತ್ರ ಓಡೋದು, ಮೊದಲೇ ಕೇಳಿ. ಎರಡು ಸೆಟ್ ಒಯ್ದು ಇಬ್ಬರ ಬ್ಯಾಗಿನಲ್ಲಿ ಹಂಚಿಡಿ.

ಐಸ್‌ಗಿಂತ ದೊಡ್ಡ ಅಪಾಯ ವೇಳೆಯದು. ಸಫಾರಿ ಆರಕ್ಕೆ ಹೊರಡುತ್ತೆ, ತಿಂಡಿ ಒಂಬತ್ತಕ್ಕೆ. ಊಟದ ಮುಂಚಿನ ಇನ್ಸುಲಿನ್ ಅಭ್ಯಾಸಬಲದಿಂದ ರೂಮಿನಲ್ಲೇ ಚುಚ್ಚಿಕೊಂಡು ಹತ್ತಿದರೆ ಕಾಡಿನ ನಡುವೆ ಸಕ್ಕರೆ ಇಳಿಯುತ್ತೆ. ತಟ್ಟೆ ಮುಂದೆ ಬಂದ ಮೇಲೇ ಸೂಜಿ. ಅಮ್ಮನ ಕೈಗೆ ಸಿಗೋ ಹಾಗೆ ಸಕ್ಕರೆ ಇರಲಿ: ಬೆವರು, ನಡುಕ ಬಂದರೆ ಮೂರು ಟೀ ಚಮಚ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. (ಮಂಡ್ಯ ಜಿಲ್ಲೆಯವನು ಸಕ್ಕರೆ ಒಯ್ಯಿರಿ ಅನ್ನದೆ ಇನ್ನೇನು ಅಂದಾನು!) ಕೀನ್ಯಾ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ಡೋಸ್‌ನ ಹೊತ್ತು ಹೇಗೆ ಹೊಂದಿಸೋದು ಅಂತ ಅವರ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಲೋಟಕ್ಕಲ್ಲ. ಗಟ್ಟಿಯಾಗಿ ಕಲಸಿದರೆ ಭೇದಿ ಹೆಚ್ಚುತ್ತೆ.

ಹುರಿಹಿಟ್ಟು

ಊಟಕ್ಕೆ ಹೆದರಬೇಡಿ. ರಾಗಿ ಮೂಲದಲ್ಲಿ ಆ ಸೀಮೆಯದೇ, ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ನಮಗೆ ಬಂದದ್ದು. ಅಲ್ಲಿ ಹೆಸರು ‘ವಿಂಬಿ’, ಅದರ ಗಂಜಿಗೆ ‘ಉಜಿ’. ನಮ್ಮ ಅಂಬಲಿಯ ಅಕ್ಕ ಅನ್ನಿ. ‘ಉಗಾಲಿ’ ಅಂದರೆ ಬಿಳಿ ಬಣ್ಣದ ಮುಸುಕಿನ ಜೋಳದ ಮುದ್ದೆ. ಜತೆಗೆ ‘ಸುಕುಮಾ ವಿಕಿ’ ಸೊಪ್ಪು, ‘ಮಹರಾಗ್ವೆ’ ಅಂದರೆ ಹುರುಳಿಕಾಯಿ ಜಾತಿಯ ಕಾಳಿನ ಸಾರು. ಚಪಾತಿಗೆ ಅಲ್ಲೂ ಚಪಾತಿ ಅಂತಲೇ. ಸೊಪ್ಪು, ಕಾಳಿಗೆ ಮಾಂಸದ ಸಾರು ಬೆರೆಸಿದ್ದಾರಾ ಅಂತ ಕೇಳಿಯೇ ಬಡಿಸಿಕೊಳ್ಳಿ.

ಮನೆಯಿಂದ ಒಯ್ಯೋದಾದರೆ ಹುರಿಹಿಟ್ಟು, ಚಟ್ನಿಪುಡಿ ಸಾಕು, ಬಿಸಿನೀರು ಎಲ್ಲಿ ಕೇಳಿದರೂ ಕೊಡ್ತಾರೆ. ಆದರೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಯ್ಯಬೇಡಿ. 2017ರ ಆಗಸ್ಟ್‌ನಿಂದ ಅಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ, ದಂಡ ಭಾರಿ. 2020ರ ಜೂನ್‌ನಿಂದ ರಕ್ಷಿತ ಕಾಡುಗಳಿಗೆ ಒಮ್ಮೆ ಬಳಸಿ ಎಸೆಯೋ ನೀರಿನ ಬಾಟಲಿಯೂ ಒಯ್ಯೋ ಹಾಗಿಲ್ಲ. ಕಾರ್ಖಾನೆಯಲ್ಲೇ ಸೀಲ್ ಆದ ಪೊಟ್ಟಣಕ್ಕೆ ತೊಂದರೆಯಿಲ್ಲ. ಮಿಕ್ಕಿದ್ದು ಸ್ಟೀಲ್ ಡಬ್ಬಿ, ಬಟ್ಟೆ ಚೀಲ. ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಕವರ್ ಕೂಡ ಇಳಿಯೋ ಮುಂಚೆ ಬಿಟ್ಟುಬಿಡಿ. ವೀಳ್ಯದೆಲೆ, ಹಸಿ ಹಣ್ಣು, ಬಿತ್ತನೆ ಬೀಜ ಬೇಡವೇ ಬೇಡ.

ಎತ್ತರ ನೋಡಿ

ಉಳಿದ ಚೂರುಪಾರು. ವೀಸಾ ಬದಲು 2024ರಿಂದ ಇಟಿಎ, ಅಂದರೆ ಹೊರಡೋ ಮುಂಚೆ ಆನ್‌ಲೈನ್‌ನಲ್ಲಿ ಪಡೆಯೋ ಪ್ರವೇಶ ಅನುಮತಿ ಬಂದಿದೆ, ಮಗನಿಗೂ ಬೇರೆಯೇ ಅರ್ಜಿ. ಸರ್ಕಾರಿ ಜಾಲತಾಣದಲ್ಲೇ ಹಾಕಿ. ಅದರಂತೆಯೇ ಕಾಣೋ ದಲ್ಲಾಳಿ ತಾಣಗಳು ಹೆಚ್ಚು ದುಡ್ಡು ಕೀಳ್ತವೆ. ಅಲ್ಲಿನ ಪ್ಲಗ್ ಚೌಕ ಮೂರು ಕಾಲಿನದು, ನಮ್ಮ ದುಂಡು ಪಿನ್ ಹೋಗಲ್ಲ, ಅಡಾಪ್ಟರ್ ಎರಡು ಇರಲಿ. ಡಾಲರ್ ನೋಟು 2013ರ ನಂತರದ ಸರಣಿಯದು, ಮಡಿಕೆ ಹರುಕು ಇಲ್ಲದ್ದು. ಡ್ರೋನ್ ಮನೆಯಲ್ಲೇ ಬಿಡಿ.

ಕ್ಯಾಮೆರಾ ಇದ್ದರೆ ಟ್ರೈಪಾಡ್ ದಂಡ, ವ್ಯಾನಿನಲ್ಲಿ ಕಾಲು ಬಿಚ್ಚೋಕೇ ಜಾಗವಿಲ್ಲ. ಅದರ ಬದಲು ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿಂದ ಕತ್ತರಿಸಿ, ಒಂದು ಬದಿ ಹೊಲಿದು, ಇನ್ನೊಂದಕ್ಕೆ ಜಿಪ್ ಹಾಕಿಸಿ ಖಾಲಿಯೇ ಒಯ್ಯಿರಿ. ನೈರೋಬಿ ಅಂಗಡಿಯಲ್ಲಿ ಎರಡು ಕಿಲೋ ಕಾಳು ಕೊಂಡು ಮುಕ್ಕಾಲು ಭಾಗ ತುಂಬಿ. ಪೂರ್ತಿ ತುಂಬಿದರೆ ದಿಂಬಿನ ಹಾಗೆ ಉರುಳಿ ಲೆನ್ಸ್ ಕೂರಲ್ಲ. ಛಾವಣಿ ಅಂಚಿನ ಮೇಲಿಟ್ಟು ಲೆನ್ಸ್ ಒತ್ತಿ. ಫೋಟೋ ತೆಗೆಯೋವಾಗ ಎಂಜಿನ್ ಆಫ್ ಮಾಡೋಕೆ ಡ್ರೈವರ್‌ಗೆ ಹೇಳಿ. ವಾಪಸ್ ಹೊರಡೋ ದಿನ ಆ ಕಾಳನ್ನು ಅವರಿಗೇ ಕೊಟ್ಟುಬಿಡಿ.