32ನೇ ಕಿಲೋಮೀಟರ್‌ಗೆ ಕಾಲು ನಿಂತೇ ಹೋಯಿತು, ಎಲ್ಲಿ ತಪ್ಪಿದೆ?

ಕ್ಯಾತ್ಸಂದ್ರದ ಓಟಗಾರ:

ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ, ಕ್ಯಾತ್ಸಂದ್ರದಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಓಡಲು ಶುರು ಮಾಡಿ ಮೂರು ವರ್ಷ ಆಯಿತು. ಬೆಂಗಳೂರಲ್ಲಿ ಎರಡು ಹಾಫ್ ಮ್ಯಾರಥಾನ್ (21 ಕಿಮೀ) ಮುಗಿಸಿದ್ದೇನೆ, ಒಳ್ಳೆಯ ಟೈಮಿಂಗ್ ಅಂದರೆ 2 ಗಂಟೆ 5 ನಿಮಿಷ. ಆ ಧೈರ್ಯದ ಮೇಲೆ ಈ ಜನವರಿಯಲ್ಲಿ ಮುಂಬೈಗೆ ಫುಲ್ ಮ್ಯಾರಥಾನ್ (42 ಕಿಮೀ) ಓಡಲು ಹೋದೆ.

ಮೊದಲ ಅರ್ಧ 2 ಗಂಟೆ 3 ನಿಮಿಷಕ್ಕೆ ಮುಗಿಯಿತು. ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್‌ನಲ್ಲಿ ಉಸಿರು ಎಷ್ಟು ಆರಾಮಾಗಿತ್ತು ಅಂದರೆ ಇನ್ನೂ ಜೋರಾಗಿ ಓಡಬಹುದು ಅನ್ನಿಸಿತ್ತು. 28 ದಾಟಿದ ಮೇಲೆ ತೊಡೆ ಭಾರ ಆಗುತ್ತಾ ಬಂತು. 32ರಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು ನೋಡಿ, ಕಾಲು ಎತ್ತಿಡೋಕೇ ಆಗಲಿಲ್ಲ, ಡಿವೈಡರ್ ಹಿಡಿದು ನಿಂತುಬಿಟ್ಟೆ. ಕೆನ್ನೆ ಒರೆಸಿಕೊಂಡರೆ ಉಪ್ಪು ಪುಡಿಪುಡಿಯಾಗಿ ಬೆರಳಿಗೆ ಬರುತ್ತಿತ್ತು. ರಸ್ತೆ ಪಕ್ಕ ನಿಂತಿದ್ದ ಒಬ್ಬ ಅಜ್ಜಿ ಕಿತ್ತಳೆ ತೊಳೆಗೆ ಉಪ್ಪು ಉದುರಿಸಿ ಕೈಗಿಟ್ಟರು, ಮರಾಠಿಯಲ್ಲಿ ಏನೋ ಹೇಳಿದರು. ಅದನ್ನು ತಿಂದು ನಡೆಯಲು ಶುರು ಮಾಡಿದೆ. ಪೆಡ್ಡರ್ ರೋಡ್ ಏರು ಪೂರ್ತಿ ನಡೆದೇ ಹತ್ತಿದ್ದು. ಮುಗಿಸಿದಾಗ 5 ಗಂಟೆ 14 ನಿಮಿಷ.

ನನ್ನ ತಯಾರಿ ಹೇಳುತ್ತೇನೆ. ವಾರಕ್ಕೆ ನಾಲ್ಕು ದಿನ, ಬೆಳಗ್ಗೆ ನಾಲ್ಕೂವರೆಗೆ, ಅಮಾನಿಕೆರೆ ಹತ್ತಿರ ಇಲ್ಲಾಂದ್ರೆ ಸಿದ್ಧಗಂಗೆ ಕಡೆ. ಬರೀ ಕಾಫಿ ಕುಡಿದು ಹೊರಡುತ್ತೇನೆ. ಎಂಟೂವರೆಗೆ ಅಂಗಡಿ ಬಾಗಿಲು ತೆಗೆಯಬೇಕು, ಅದಕ್ಕೇ ಭಾನುವಾರದ ಓಟ 24 ಕಿಮೀ ದಾಟಿದ್ದು ಎರಡೇ ಸಲ. ಯಾವ ದಿನ ಓಡಿದರೂ 6 ನಿಮಿಷದ ಪೇಸ್, ಅಂದರೆ ಕಿಲೋಮೀಟರ್‌ಗೆ 6 ನಿಮಿಷ. ಈಗ ಏನು ಬದಲಾಯಿಸಲಿ? ಕಿಲೋಮೀಟರ್ ಜಾಸ್ತಿ ಮಾಡ್ಲಾ, ದೇವರಾಯನದುರ್ಗ ಘಾಟ್ ಹತ್ತೋದು ಶುರು ಮಾಡ್ಲಾ? ಮಗಳು ನನ್ನ ಮೆಡಲ್ ಹಾಕಿಕೊಂಡು ಶಾಲೆಗೆ ಹೋಗಿ ಎಲ್ಲರಿಗೂ ತೋರಿಸಿ ಬಂದಳು. ನನಗೆ ಮಾತ್ರ ಆ ಕೊನೆಯ ಹತ್ತು ಕಿಮೀ ಓಡಲಿಲ್ಲವಲ್ಲ ಅನ್ನೋದು ಇನ್ನೂ ಕೊರೆಯುತ್ತಿದೆ.

ಬೆಳಗಿನ ಐದು ಗಂಟೆ:

ಸರ್, ನಾನೂ ತುಮಕೂರಿನವನೇ, ಆರು ಫುಲ್ ಓಡಿದ್ದೇನೆ. ನಿಮ್ಮ ಕಾಲು 32ರಲ್ಲಿ ಕೆಟ್ಟಿದ್ದಲ್ಲ, ಮೊದಲ 21ರಲ್ಲೇ ಕೆಟ್ಟಿದೆ. ನಿಮ್ಮ ಜೀವನದ ಅತಿ ವೇಗದ ಹಾಫನ್ನು ಫುಲ್‌ನ ಮೊದಲ ಅರ್ಧದಲ್ಲಿ ಓಡಿದ್ದೀರಿ! 2:05 ಹಾಫ್ ಓಡೋರು ಎಲ್ಲ ಸರಿಯಿದ್ದರೆ ಫುಲ್ 4:20ಕ್ಕೆ ಮುಗಿಸಬಹುದು, ಮೊದಲ ಸಲಕ್ಕೆ 4:35 ಇಟ್ಟುಕೊಂಡರೆ ಚೆಂದ. ಅಂದರೆ ಕಿಲೋಮೀಟರ್‌ಗೆ ಆರೂವರೆ ನಿಮಿಷ. ನೀವು ಶುರುವಿನಿಂದ 5:50ರಲ್ಲಿ ಹೋಗಿದ್ದೀರಿ.

ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಸಾಮಾನ್ಯವಾಗಿ 30 ಕಿಮೀ ಆಸುಪಾಸಿಗೆ ತಳ ಕಾಣುತ್ತೆ. ಜೋರಾಗಿ ಓಡಿದಷ್ಟೂ ಅದು ಬೇಗ ಖರ್ಚು, ನಿಧಾನಕ್ಕೆ ಓಡಿದರೆ ದೇಹ ಕೊಬ್ಬನ್ನೂ ಉರಿಸುತ್ತೆ. ಅದಕ್ಕೇ ಭಾನುವಾರದ ಓಟ 7 ನಿಮಿಷದಲ್ಲಿ ಇರಲಿ, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು. ಮೊದಮೊದಲು ತುಂಬಾ ನಿಧಾನ ಅನ್ನಿಸುತ್ತೆ, ನನಗೂ ಒಪ್ಪಿಕೊಳ್ಳಲು ಒಂದು ವರ್ಷ ಬೇಕಾಯಿತು. ರೇಸ್‌ಗೆ ಮುಂಚೆ ನಾಲ್ಕೈದು ಸಲ 28ರಿಂದ 32 ಕಿಮೀ ಓಡಿ. ಆ ದಿನ ಮಾತ್ರ ಅಂಗಡಿಗೆ ಬೇರೆ ಯಾರನ್ನಾದರೂ ಕೂರಿಸಿ, ಬೇರೆ ದಾರಿ ಇಲ್ಲ. ಕೊನೆಯ ಎರಡು ಮೂರು ವಾರ ಕಿಲೋಮೀಟರ್ ಇಳಿಸಿಬಿಡಿ.

ಕೋಲಾರದ ಟೀಚರ್:

ಅಣ್ಣಾ, ಓಡುವಾಗ ಏನು ತಿಂದಿರಿ ಅಂತ ನೀವು ಬರೆದೇ ಇಲ್ಲ, ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಅದೇ. ಬರೀ ಕಾಫಿಯಲ್ಲಿ 24 ಕಿಮೀ ಓಡಿ ಅಭ್ಯಾಸ ಆದ ಹೊಟ್ಟೆ ರೇಸ್ ದಿನ ಜೆಲ್ (ಓಡುತ್ತಾ ತಿನ್ನುವ ಸಿಹಿ ಪಾಕ) ಕೊಟ್ಟರೆ ತಡೆಯುತ್ತಾ? ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಐದಾರು ಖರ್ಜೂರ ಅಂದರೆ ಸುಮಾರು 30 ಗ್ರಾಂ. ನಾನು ಬೀಜ ತೆಗೆದು, ಒಳಗೆ ಚಿಟಿಕೆ ಉಪ್ಪು ಇಟ್ಟು, ಸೊಂಟದ ಬೆಲ್ಟ್‌ನಲ್ಲಿ ಇಟ್ಟುಕೊಳ್ಳುತ್ತೇನೆ. ಹಸಿವು ಆಗುವವರೆಗೂ ಕಾಯಬೇಡಿ, 40 ನಿಮಿಷಕ್ಕೇ ಮೊದಲನೆಯದು ಬಾಯಿಗೆ. ಹೊರಡುವ ಒಂದೂವರೆ ಗಂಟೆ ಮುಂಚೆ ತೆಳ್ಳಗೆ ರಾಗಿ ಅಂಬಲಿ, ಮಜ್ಜಿಗೆ ಹಾಕದೆ, ಬೆಲ್ಲ ಹಾಕಿ ಕುಡಿಯುತ್ತೇನೆ. ನನಗೆ ಒಗ್ಗಿದೆ, ನಿಮಗೆ ಒಗ್ಗುತ್ತಾ ಅಂತ ಭಾನುವಾರಗಳಲ್ಲೇ ನೋಡಿಕೊಳ್ಳಿ.

ಇನ್ನೊಂದು, ನಮ್ಮ ಕಡೆ ಜನವರಿ ಬೆಳಗ್ಗೆ ಒಣ ಚಳಿ. ಮುಂಬೈಯಲ್ಲಿ ಬೆವರು ಆರೋದೇ ಇಲ್ಲ, ಸುರಿಯುತ್ತಲೇ ಇರುತ್ತೆ. ಹಾಗಂತ ಸಿಕ್ಕ ಸಿಕ್ಕ ಕಡೆ ಬರೀ ನೀರು ಕುಡಿಯಬೇಡಿ, ರಕ್ತದಲ್ಲಿ ಸೋಡಿಯಂ ಇಳಿದರೆ ಜೀವಕ್ಕೇ ಅಪಾಯ. ಬಾಯಾರಿಕೆ ಆದಾಗ ಕುಡಿಯಿರಿ, ನಡುನಡುವೆ ಓಆರ್‌ಎಸ್ ಇರಲಿ.

ನಂದಿ ತಪ್ಪಲು:

ಅಕ್ಕ ಹೇಳಿದ ಊಟದ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಮೀನಖಂಡ ಹಿಡಿಯೋದಕ್ಕೆ ಉಪ್ಪೊಂದೇ ಕಾರಣ ಅಲ್ಲ, ಅಭ್ಯಾಸ ಇಲ್ಲದ ವೇಗಕ್ಕೆ ಸ್ನಾಯು ದಣಿದರೂ ಹಾಗೇ ಆಗುತ್ತೆ.

ಘಾಟ್ ಬಗ್ಗೆ ಕೇಳಿದಿರಲ್ವಾ, ನಾನು ಚಿಕ್ಕಬಳ್ಳಾಪುರದವನು, ನಂದಿ ಬೆಟ್ಟ ತುಂಬಾ ಸಲ ಓಡಿದ್ದೇನೆ. ಹತ್ತೋದು ಒಳ್ಳೆಯದೇ. ಇಳಿಯೋದರಲ್ಲಿ ಹುಷಾರು. ಇಳಿಯುವಾಗ ತೊಡೆ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುತ್ತೆ, ಒಳಗೆ ಸಣ್ಣ ಸಣ್ಣ ಗಾಯ ಆಗುತ್ತೆ. ನಾನು ಮೊದಲ ಸಲ 1478 ಮೀಟರ್ ಎತ್ತರದಿಂದ ಒಂದೇ ಉಸಿರಿಗೆ ಓಡಿ ಇಳಿದೆ, ಎರಡನೇ ದಿನ ಬಸ್ಸಿನ ಮೆಟ್ಟಿಲು ಇಳಿಯಲು ಕಂಬಿ ಹಿಡಿದುಕೊಂಡು ಅಡ್ಡಡ್ಡ ಕಾಲಿಡಬೇಕಾಯಿತು. ಸ್ವಲ್ಪ ಸ್ವಲ್ಪ ಇಳಿದು ರೂಢಿ ಮಾಡಿಕೊಂಡರೆ ಮಾತ್ರ ಅದೇ ತೊಡೆ 35ನೇ ಕಿಮೀನಲ್ಲಿ ಕೈ ಕೊಡಲ್ಲ. ದೇವರಾಯನದುರ್ಗಕ್ಕೆ 15 ದಿನಕ್ಕೊಮ್ಮೆ ಹೋಗಿ, ಸಣ್ಣ ಹೆಜ್ಜೆಯಲ್ಲಿ ಇಳಿಯಿರಿ. ಕತ್ತಲಲ್ಲಿ ಒಬ್ಬರೇ ಬೇಡ, ಕಾಡು ದಾರಿ ಅದು.

ಕ್ಯಾತ್ಸಂದ್ರದ ಓಟಗಾರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಆ ದಿನ ತಿಂದಿದ್ದು ಅರ್ಧ ಬಾಳೆಹಣ್ಣು ಮತ್ತು ಆ ಕಿತ್ತಳೆ, ಅಷ್ಟೇ. ನಿನ್ನೆ ಭಾನುವಾರ 7 ನಿಮಿಷದ ಪೇಸ್‌ನಲ್ಲಿ 20 ಕಿಮೀ ಓಡಿದೆ, ಉಪ್ಪಿನ ಖರ್ಜೂರ ಆರು ಖಾಲಿ, ಹೊಟ್ಟೆ ಏನೂ ತಕರಾರು ಮಾಡಲಿಲ್ಲ. ಮನೆಗೆ ಬಂದ ಮೇಲೂ ಕಾಲು ಹಗುರ ಇತ್ತು. ತಿಂಗಳಿಗೆ ಎರಡು ಭಾನುವಾರ ಅಂಗಡಿ ನೋಡಿಕೊಳ್ಳುತ್ತೇನೆ ಅಂತ ತಮ್ಮ ಒಪ್ಪಿದ್ದಾನೆ. ಐದು ಗಂಟೆ ಸರ್, 28 ಕಿಮೀ ಓಡುವ ದಿನ ನೀವೂ ಬರ್ತೀರಾ? ಅಮಾನಿಕೆರೆ ಗೇಟ್ ಹತ್ತಿರ ಕಾಯುತ್ತೇನೆ.