ಹಳೇ ಎಂಟಿಬಿಯ ಸೀಟ್ ಪೋಸ್ಟ್ ಕಚ್ಚಿಕೊಂಡಿದೆ, ಕೂದಲೆಳೆಯಷ್ಟೂ ಅಲ್ಲಾಡುತ್ತಿಲ್ಲ (ಧಾರವಾಡ)

ಮಾಳಮಡ್ಡಿ ಸವಾರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ನಮ್ಮ ಸೋದರಮಾವ 90ರ ದಶಕದಲ್ಲಿ ಅಮೆರಿಕದಿಂದ ಬರುವಾಗ ಒಂದು ಮೌಂಟನ್ ಬೈಕ್ (ಎಂಟಿಬಿ) ತಂದಿದ್ದರು. ಹಿತ್ತಲಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಬಿದ್ದಿತ್ತು. ಮುಂದೆ ಕಟ್ಟಿಗೆ, ಅದರ ಹಿಂದೆ ಕೆಟ್ಟ ಕೂಲರ್, ಅದರ ಹಿಂದೆ ಇದು. ಯಾವ ಕಂಪನಿ ಅಂತ ಗೊತ್ತಿಲ್ಲ, ಯಾಕಂದರೆ ಗೇಟಿಗೆ ಬಳಿದು ಉಳಿದ ಹಸಿರು ಎನಾಮೆಲ್ಲನ್ನು ಮಾಮಾ ಇದಕ್ಕೂ ಬಳಿದುಬಿಟ್ಟಿದ್ದಾರೆ. ಸ್ಟಿಕರ್ ಎಲ್ಲ ಅದರ ಕೆಳಗೆ. ಫ್ರೇಮು ಸ್ಟೀಲ್, ಶಿಮಾನೋ ಗೇರು, ಹಿಂದೆ 7 ಹಲ್ಲುಚಕ್ರ, ಬ್ರೇಕು ಕ್ಯಾಂಟಿಲಿವರ್.

ತೊಂದರೆ ಮೂರು. ಸೀಟ್ ಪೋಸ್ಟ್ (ಸೀಟು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ) ಮೇಲೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ, ತಿರುಗುವುದೂ ಇಲ್ಲ. ಮಾಮಾ ಗಿಡ್ಡ, ನಾನು ಆರಡಿಗೆ ಒಂದಿಂಚು ಕಮ್ಮಿ. ಹೀಗೇ ಓಡಿಸಿದರೆ ಮೊಣಕಾಲು ಗದ್ದಕ್ಕೆ ಬರುತ್ತದೆ. ಎಂಟು ದಿನದಿಂದ ಚಿಮಣಿ ಎಣ್ಣೆ ಬಿಡುತ್ತಿದ್ದೇನೆ, ಏನೂ ಆಗಿಲ್ಲ. ಎರಡನೇದು, ಬಲಗಡೆ ಗೇರ್ ಲಿವರ್ ಒತ್ತಿದರೆ ಗಾಳಿಯಲ್ಲಿ ಒತ್ತಿದ ಹಾಗೆ, ಟಕ್ ಅನ್ನುವುದೇ ಇಲ್ಲ. ಮೂರನೇದು, ಅಂಗಡಿಯಲ್ಲಿ 26ರ ಟೈರ್ ಕೇಳಿ ತಂದೆ, ರಿಮ್ಮಿಗೆ ಕೂರುತ್ತಿಲ್ಲ, ಸಡಿಲ. 26ಕ್ಕೆ 26 ಕೂರಬೇಕಲ್ವಾ?

ಉಣಕಲ್ ಪೆಡಲ್

ಸೀಟಿನ ಕೆಳಗಿಂದ ಸುತ್ತಿಗೆಯಲ್ಲಿ ನಾಲ್ಕು ಬಿಡಿ, ಬರುತ್ತದೆ. ನನ್ನ ಹೀರೋ ರೇಂಜರ್ ಹಾಗೇ ಬಂದಿತ್ತು.

ಗೋಕುಲ್ ರೋಡ್ ಪಾನಾ

ಸುತ್ತಿಗೆ ಕೆಳಗಿಡಿ ಮೊದಲು. ರೇಂಜರ್ ಪೈಪು ದಪ್ಪ, ಅದು ತಡೆದುಕೊಳ್ಳುತ್ತದೆ. ಆ ಕಾಲದ ಒಳ್ಳೇ ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ ಸ್ಟೀಲ್) ಫ್ರೇಮಿನ ಪೈಪು ನಡುವೆ 1 ಮಿ.ಮೀ.ಗಿಂತ ತೆಳು ಇರುತ್ತದೆ. ತಗ್ಗು ಬಿದ್ದರೆ ಬಿತ್ತು. ವೈಸ್‌ನಲ್ಲಿ (ಬೆಂಚಿಗೆ ಕೂರಿಸಿದ ದೊಡ್ಡ ಇಕ್ಕಳ) ಫ್ರೇಮ್ ಪೈಪು ಹಿಡಿಯುವುದೂ ಬೇಡ, ಡಬ್ಬಿ ಥರ ಚಪ್ಪಟೆಯಾಗುತ್ತದೆ.

ಸಣ್ಣವನ್ನು ಮೊದಲು ಮುಗಿಸೋಣ. ಟೈರ್: ನೀವು ತಂದಿದ್ದರ ಮೇಲೆ 26 × 1 3/8 ಅಂತ ಇರಬೇಕು, ನೋಡಿ. ಅದು ನಮ್ಮ ಮಾಮೂಲಿ ಸೈಕಲ್ಲಿನ ಅಳತೆ, ರಿಮ್ ಮೇಲೆ ಕೂರುವ ಜಾಗದ ವ್ಯಾಸ 590 ಮಿ.ಮೀ. ನಿಮಗೆ ಬೇಕಾದ್ದು ಎಂಟಿಬಿ ಟೈರು, 559. ಎರಡಕ್ಕೂ "26" ಅಂತಲೇ ಹೆಸರು, ಮಧ್ಯೆ 31 ಮಿ.ಮೀ. ವ್ಯತ್ಯಾಸ. ಅಂಗಡಿಯವರದ್ದೂ ತಪ್ಪಲ್ಲ. ಭಿನ್ನರಾಶಿ ಬರೆದಿದ್ದರೆ ಬೇಡ, 1.75, 1.95, 2.10 ಹೀಗೆ ದಶಾಂಶ ಬರೆದಿದ್ದರೆ ಬೇಕು. ಅದಕ್ಕೂ ಸುಲಭ, ಟೈರಿನ ಮೈಮೇಲೆ ಸಣ್ಣಕ್ಷರದಲ್ಲಿ 559 ಅಂತ ಇದೆಯೋ ನೋಡಿ ತನ್ನಿ.

ಗೇರ್ ಲಿವರ್: ಅದು ಕೆಟ್ಟಿಲ್ಲ, ಒಳಗಿನ ಗ್ರೀಸು ಒಣಗಿ ಬೆಲ್ಲದ ಅಂಟಿನ ಥರ ಆಗಿದೆ. ಹಲ್ಲು ಹಿಡಿಯುವ ಪುಟ್ಟ ಕೊಕ್ಕೆ ಅದರಲ್ಲಿ ಸಿಕ್ಕಿಕೊಂಡು ವಾಪಸ್ ಬರುತ್ತಿಲ್ಲ. ಆ ಕಾಲದ ರ‍್ಯಾಪಿಡ್‌ಫೈರ್ ಲಿವರ್ ಎಲ್ಲದಕ್ಕೂ ಇದೇ ರೋಗ. ಬಿಚ್ಚಬೇಡಿ, ಬಿಚ್ಚಿದರೆ ಸ್ಪ್ರಿಂಗು ಹಾರಿ ಅಂಗಳದಲ್ಲಿ ಹುಡುಕಬೇಕಾಗುತ್ತದೆ. ಕೇಬಲ್ ತೆಗೆದು, ಸಂದಿಯಲ್ಲಿ ಡಬ್ಲ್ಯೂಡಿ-40 ಧಾರಾಳವಾಗಿ ಹೊಡೆದು, ಐವತ್ತು ಸಲ ಒತ್ತಿ. ಕಪ್ಪು ನೀರು ಇಳಿಯುವುದು ನಿಲ್ಲುವ ತನಕ ಮಾಡಿ. ಆಮೇಲೆ ಹೊಲಿಗೆ ಮಷೀನಿನ ಎಣ್ಣೆ ನಾಲ್ಕು ಹನಿ. ಗ್ರೀಸು ಮಾತ್ರ ಹಾಕಬೇಡಿ.

ಸೀಟ್ ಪೋಸ್ಟ್: ಅದಕ್ಕೆ ಆಯಸ್ಕಾಂತ ಅಂಟುತ್ತದೋ ಇಲ್ಲವೋ ಮೊದಲು ಹೇಳಿ. ಸ್ಟೀಲಾದರೆ ಒಂದು ದಾರಿ, ಅಲ್ಯುಮಿನಿಯಂ ಆದರೆ ಇನ್ನೊಂದು.

ಮಾಳಮಡ್ಡಿ ಸವಾರ

ಸರ್, ಲಿವರ್ ಜೀವ ಬಂತು! ಮೂವತ್ತನೇ ಸಲಕ್ಕೆ ಟಕ್ ಅಂತು. ಅಡುಗೆಮನೆಯಿಂದ ಅವ್ವ "ಏನಾತೋ" ಅಂತ ಓಡಿ ಬಂದಳು, ಅಷ್ಟು ಜೋರಾಗಿ ಕೂಗಿದ್ದೆ. ಟೈರೂ ನೀವು ಹೇಳಿದ ಹಾಗೆ 1 3/8. ನಾಳೆ ಬದಲಿಸಿಕೊಂಡು ಬರುತ್ತೇನೆ.

ಆಯಸ್ಕಾಂತ ಪೋಸ್ಟಿಗೆ ಅಂಟುವುದಿಲ್ಲ. ಫ್ರೇಮಿಗೆ ಅಂಟುತ್ತದೆ.

ಗೋಕುಲ್ ರೋಡ್ ಪಾನಾ

ಹಾಗಾದರೆ ಅಲ್ಯುಮಿನಿಯಂ. ಸ್ಟೀಲಿನೊಳಗೆ ಅಲ್ಯುಮಿನಿಯಂ, ಮಧ್ಯೆ ಮಳೆನೀರು ಮತ್ತೆ ಬೆವರಿನ ಉಪ್ಪು. ಅಲ್ಯುಮಿನಿಯಂ ಕೊಳೆತು ಬಿಳಿ ಪುಡಿಯಾಗುತ್ತದೆ, ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಹೋಗಲು ಜಾಗವಿಲ್ಲ, ಅದಕ್ಕೇ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ.

ಹೀಗೆ ಮಾಡಿ. ಸೀಟು ತೆಗೆಯಿರಿ. ಕ್ಲಾಂಪಿನ ಬೋಲ್ಟು ಪೂರ್ತಿ ತೆಗೆಯಿರಿ, ಸಡಿಲಿಸಿದರೆ ಸಾಲದು. ಎಣ್ಣೆ ಮೇಲಿನಿಂದ ಬಿಟ್ಟರೆ ಪೈಪಿನ ಬಾಯಲ್ಲೇ ನಿಲ್ಲುತ್ತದೆ, ಅದಕ್ಕೇ ನಿಮ್ಮ ಎಂಟು ದಿನ ವ್ಯರ್ಥ. ಸೈಕಲ್ ತಲೆಕೆಳಗೆ ಮಾಡಿ. ಸೀಟ್ ಟ್ಯೂಬಿನ (ಪೋಸ್ಟು ಇಳಿಯುವ ಫ್ರೇಮಿನ ಪೈಪು) ಮೇಲೆ ನೀರಿನ ಬಾಟಲಿ ಹಿಡಿಯುವ ಎರಡು ಸ್ಕ್ರೂ ಇರುತ್ತವಲ್ಲ, ಆ ತೂತು ಸೀದಾ ಪೈಪಿನೊಳಗೆ ಹೋಗುತ್ತದೆ. ಒಂದು ಸ್ಕ್ರೂ ತೆಗೆದು ಮೆಡಿಕಲ್ ಶಾಪಿನ ಸಿರಿಂಜಿನಲ್ಲಿ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಪೋಸ್ಟಿನ ಕೆಳತುದಿಯಿಂದ ಎಣ್ಣೆ ಹತ್ತುತ್ತದೆ. ಎರಡು ದಿನ ಹಾಗೇ ಬಿಡಿ.

ಆಮೇಲೆ ಬೆಂಚ್ ವೈಸ್‌ನಲ್ಲಿ ಪೋಸ್ಟಿನ ತಲೆ ಬಿಗಿದು, ಫ್ರೇಮನ್ನೇ ಸ್ಟೇರಿಂಗ್ ಥರ ಹಿಡಿದು ತಿರುಗಿಸಿ. ಎಳೆಯಬೇಡಿ, ಹೊರಳಿಸಿ. ಮೊದಲು ಹೊರಳಬೇಕು, ಆಮೇಲೆ ಮೇಲೆ ಬರುತ್ತದೆ.

ಏಲಕ್ಕಿ ಹಾರ

ಕಾಸ್ಟಿಕ್ ಸೋಡಾ ಹಾಕಿದರೆ ಅಲ್ಯುಮಿನಿಯಂ ಕರಗಿಹೋಗುತ್ತದೆ, ಸ್ಟೀಲಿಗೆ ಏನೂ ಆಗುವುದಿಲ್ಲ ಅಂತ ಓದಿದ್ದೆ. ಹಾವೇರಿಯಲ್ಲಿ ಒಬ್ಬರು ಮಾಡಿದ್ದೂ ನೋಡಿದ್ದೇನೆ.

ಗೋಕುಲ್ ರೋಡ್ ಪಾನಾ

ನಿಜ, ಕರಗುತ್ತದೆ. ಕರಗುವಾಗ ಹೈಡ್ರೋಜನ್ ಬರುತ್ತದೆ, ಹತ್ತಿರ ಕಿಡಿ ಇರಬಾರದು. ಕಣ್ಣಿಗೆ ಒಂದು ಹನಿ ಸಿಡಿದರೆ ಕಣ್ಣು ಹೋಗುತ್ತದೆ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹುಯ್ಯಬಾರದು. ಪೇಂಟು ಕೂಡ ಸುಲಿದುಬರುತ್ತದೆ. ಕೊನೇ ದಾರಿ ಅದು. ಮನೆಯಲ್ಲಿ ಮಕ್ಕಳಿದ್ದರೆ ಕೊನೇ ದಾರಿಯೂ ಅಲ್ಲ.

ಮಾಳಮಡ್ಡಿ ಸವಾರ

ನಾಲ್ಕು ದಿನದ ವರದಿ. ಸಿರಿಂಜಿನಲ್ಲಿ ಎಣ್ಣೆ ಬಿಟ್ಟೆ. ಪರಿಚಯದ ಗ್ರಿಲ್ ವರ್ಕ್‌ಶಾಪಿನಲ್ಲಿ ವೈಸ್‌ಗೆ ಹಾಕಿ ನಾನು, ಗೆಳೆಯ, ಅಲ್ಲಿಯ ಹುಡುಗ ಮೂವರೂ ತಿರುಗಿಸಿದೆವು. ಬರಲಿಲ್ಲ. ಫ್ರೇಮಿಗೆ ಕುದಿಯುವ ನೀರು, ಪೋಸ್ಟಿಗೆ ಬಟ್ಟೆಯಲ್ಲಿ ಸುತ್ತಿದ ಐಸು, ಅದೂ ಆಯಿತು. ಅಲ್ಯುಮಿನಿಯಂ ಸ್ಟೀಲಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಕುಗ್ಗುತ್ತದೆ ಅಂತ ಲೆಕ್ಕ ಹಾಕಿ ಖುಷಿಪಟ್ಟಿದ್ದೆ. 50 ಡಿಗ್ರಿ ತಣ್ಣಗಾದರೆ ಸಿಗುವ ಸಂದಿ 0.015 ಮಿ.ಮೀ. ಅಂತ ಆಮೇಲೆ ಗೊತ್ತಾಯಿತು!

ಒಂದು ವಿಷಯ. ಬಾಯಿಂದ ಇಳಿದ ಎಣ್ಣೆಯಲ್ಲಿ ಬಿಳಿ ಪುಡಿ ಇಲ್ಲ, ಕೆಂಪು ತುಕ್ಕು ಇದೆ. ಜಾಸ್ತಿನೇ ಇದೆ. ಫ್ರೇಮು ಒಳಗಿಂದ ತಿಂದುಹೋಗಿದೆಯಾ? ಹಾಗಾದರೆ ಇದನ್ನು ಗುಜರಿಗೆ ಹಾಕುವುದೇ ಒಳ್ಳೇದಾ?

ಗೋಕುಲ್ ರೋಡ್ ಪಾನಾ

ಗುಜರಿ ಮಾತು ಬೇಡ. ಆದರೆ ಕೆಂಪು ಪುಡಿ ಅಂದರೆ ನಾನು ಹೇಳಿದ ಕಥೆ ಪೂರ್ತಿ ಸರಿ ಇಲ್ಲ. ವರ್ನಿಯರ್ ಇದೆಯಾ? ಪೋಸ್ಟಿನ ದಪ್ಪ ಅಳೆಯಿರಿ. ಸೀಟ್ ಟ್ಯೂಬಿನ ಹೊರಗಿನ ದಪ್ಪವನ್ನೂ ಅಳೆಯಿರಿ. ಎನಾಮೆಲ್ ಕೆರೆದು ಅಳೆಯಿರಿ, ಮಾಮಾ ಎಷ್ಟು ಕೋಟ್ ಹೊಡೆದಿದ್ದಾರೋ ಯಾರಿಗೆ ಗೊತ್ತು.

ಮಾಳಮಡ್ಡಿ ಸವಾರ

ಪೋಸ್ಟ್ 26.4 ಮಿ.ಮೀ. ಟ್ಯೂಬ್ ಹೊರಗೆ 28.6.

ಗೋಕುಲ್ ರೋಡ್ ಪಾನಾ

28.6ರಲ್ಲಿ 26.4 ಕಳೆದರೆ 2.2. ಅಂದರೆ ಒಂದೊಂದು ಬದಿಗೆ 1.1. ಅಷ್ಟು ದಪ್ಪ ಪೈಪಿನ ಫ್ರೇಮುಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಒಳ್ಳೇ ಕ್ರೋಮೊಲಿಯಲ್ಲಿ ಆ ಜಾಗ 0.9 ಇರುವುದು ಜಾಸ್ತಿ, ಆಗ ಪೋಸ್ಟು 26.8 ಆಗಬೇಕು. ನನಗೆ ಒಂದು ಅನುಮಾನ. ಕ್ಲಾಂಪಿನ ಹತ್ತಿರ ಟ್ಯೂಬಿನ ಹಿಂದೆ ಒಂದು ಸೀಳು ಇರುತ್ತದೆ. ಅದರಲ್ಲಿ ತುಂಬಿದ ಪೇಂಟು ಬ್ಲೇಡಿನಲ್ಲಿ ತೆಗೆದು, ಬ್ಯಾಟರಿ ಬಿಟ್ಟು ನೋಡಿ. ಬೆಳ್ಳಗಿನ ಅಲ್ಯುಮಿನಿಯಂ ಕಾಣಬೇಕು. ಕಾಣುತ್ತದಾ?

ಮಾಳಮಡ್ಡಿ ಸವಾರ

ಇಲ್ಲ! ಕಂದು ಬಣ್ಣದ ತಗಡು ಕಾಣುತ್ತಿದೆ. ಅದರ ಅಂಚೂ ಕಾಣುತ್ತಿದೆ.

ಪುಣೆಗೆ ಫೋನ್ ಹಚ್ಚಿದೆ. ಮಾಮಾ ಐದು ನಿಮಿಷ ನಕ್ಕರು. ಮೊದಲಿನ ಪೋಸ್ಟು ಬಗ್ಗಿಹೋಗಿತ್ತಂತೆ. ಇಲ್ಲಿ ಸಿಕ್ಕಿದ್ದನ್ನು ಹಾಕಿದರೆ ಅಲ್ಲಾಡುತ್ತಿತ್ತಂತೆ. ಅದಕ್ಕೆ ಪೌಡರ್ ಡಬ್ಬಿ ಕತ್ತರಿಸಿ ತಗಡು ಸುತ್ತಿ ಬಡಿದು ಕೂರಿಸಿದ್ದಾರೆ. "ಮೊದಲ ನನ್ನ ಕೇಳಬೇಕಿಲ್ಲೇನೋ" ಅಂದರು. ಎರಡು ವಾರ ಎಣ್ಣೆ ಬಿಟ್ಟವನು ನಾನು.

ಗೋಕುಲ್ ರೋಡ್ ಪಾನಾ

ಡಬ್ಬಿ ತಗಡು 0.2 ಮಿ.ಮೀ. ಎರಡು ಬದಿಗೆ 0.4. 26.4ಕ್ಕೆ ಕೂಡಿಸಿದರೆ 26.8. ಲೆಕ್ಕ ಸರಿ ಹೋಯಿತು. ತುಕ್ಕು ಹಿಡಿದಿರುವುದು ಹೆಚ್ಚಾಗಿ ತಗಡಿಗೆ, ನಿಮ್ಮ ಫ್ರೇಮಿಗಲ್ಲ.

ಈಗ ಪೋಸ್ಟಿನ ಗೊಡವೆ ಬಿಡಿ, ತಗಡು ಹಿಡಿಯಿರಿ. ಸೀಳಿನಲ್ಲಿ ತೆಳ್ಳಗಿನ ಸ್ಕ್ರೂಡ್ರೈವರ್ ತೂರಿಸಿ ಅಂಚು ಎಬ್ಬಿಸಿ. ಮೂಗು ಚೂಪಿರುವ ಇಕ್ಕಳದಲ್ಲಿ ಹಿಡಿದು, ಹಳೇ ಟಿನ್ ಮೀನಿನ ಡಬ್ಬಿ ಸುರುಳಿ ಬಿಚ್ಚುವ ಥರ ಸುತ್ತುತ್ತಾ ಎಳೆಯಿರಿ. ತುಂಡಾಗುತ್ತದೆ, ಆಗಲಿ. ಸಿಕ್ಕಷ್ಟು ತೆಗೆದು ಮತ್ತೆ ವೈಸ್. ಗ್ಲೌಸ್ ಹಾಕಿಕೊಳ್ಳಿ, ತಗಡು ಬ್ಲೇಡಿಗಿಂತ ಕೆಟ್ಟದು.

ಮಾಳಮಡ್ಡಿ ಸವಾರ

ಬಂತು!! ಹದಿನೇಳು ಚೂರು ತಗಡು, ಒಂದು ಕೊಯ್ದ ಬೆರಳು (ಗ್ಲೌಸ್ ಹಾಕಿರಲಿಲ್ಲ, ಬೈಯಬೇಡಿ). ಹೊರಳುವಾಗ ಹಂದಿ ಕಿರುಚಿದ ಹಾಗೆ ಸದ್ದು. ಪೈಪಿನ ಒಳಗೆ ತುಕ್ಕು ಮೇಲ್ಮೇಲೆ ಅಷ್ಟೇ, ಎಮರಿ ಕಾಗದಕ್ಕೆ ಹೋಯಿತು. ಒಳಗಿನ ಅಳತೆ 26.8. ಆದರೆ ಆ ಅಳತೆಯ ಪೋಸ್ಟು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ, ಇಲ್ಲೂ ಇಲ್ಲ. 27.2 ಇದೆ. ಮತ್ತೆ ತಗಡು ಸುತ್ತಲಾ?

ಗೋಕುಲ್ ರೋಡ್ ಪಾನಾ

ಸುತ್ತಿದರೆ ನಿಮ್ಮ ಅಳಿಯ ಮುಂದೆ ನಿಮಗೆ ಫೋನ್ ಮಾಡುತ್ತಾನೆ.

27.2 ತಗೊಂಡು ಲೇಥ್‌ನಲ್ಲಿ 26.8ಕ್ಕೆ ಹೆರೆದು ಇಳಿಸಿ. ಬದಿಗೆ 0.2 ಅಷ್ಟೇ. ದಪ್ಪ ಗೋಡೆಯ ಪೋಸ್ಟು ಆರಿಸಿಕೊಳ್ಳಿ, ತೆಳ್ಳಗಿನ ದುಬಾರಿ ರೇಸಿಂಗ್ ಪೋಸ್ಟು ಬೇಡ. ಗೋಕುಲ್ ರೋಡ್ ಕೈಗಾರಿಕಾ ಪ್ರದೇಶದಲ್ಲಿ ಯಾವ ಲೇಥಿನವರೂ ಚಹಾ ಕುಡಿಯುವ ಹೊತ್ತಿನಲ್ಲಿ ಮಾಡಿಕೊಡುತ್ತಾರೆ. ಅರ್ಧಕ್ಕೆ ನಿಲ್ಲಿಸಿ ಮೆಟ್ಟಿಲು ಮಾಡಬೇಡಿ ಅಂತ ಹೇಳಿ, ಆ ಮೆಟ್ಟಿಲಿನ ಹತ್ತಿರವೇ ಮುರಿಯುವುದು. "ಮಿನಿಮಮ್ ಇನ್ಸರ್ಟ್" ಗೆರೆ (ಪೋಸ್ಟು ಕನಿಷ್ಠ ಎಷ್ಟು ಒಳಗಿರಬೇಕು ಅನ್ನುವ ಗುರುತು) ಅಳಿಸಿಹೋಗುತ್ತದೆ, ಮತ್ತೆ ಗೀರಿಕೊಳ್ಳಿ. ಹಾಕುವಾಗ ಗ್ರೀಸು ಹಚ್ಚಿ, ಆಂಟಿ-ಸೀಜ್ (ಲೋಹ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟು) ಸಿಕ್ಕರೆ ಇನ್ನೂ ಒಳ್ಳೇದು. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು, ಒರೆಸಿ, ಮತ್ತೆ ಹಚ್ಚಿ.

ಗದಗ ಗಾಳಿ

ಫ್ರೇಮು ಬರಿದಾಗಿರುವಾಗಲೇ ಒಳಗೆ ಅಗಸೆ ಎಣ್ಣೆ ಬಿಡಿ. ಬಣ್ಣದ ಅಂಗಡಿಯಲ್ಲಿ ಕುದಿಸಿದ್ದು ಸಿಗುತ್ತದೆ, ಅದು ಒಣಗಿ ತೆಳ್ಳಗೆ ಪದರ ಕಟ್ಟುತ್ತದೆ, ತುಕ್ಕು ಬರುವುದಿಲ್ಲ. ನಮ್ಮ ಕಡೆ ಅಗಸಿ ಹಿಂಡಿ ತಿಂದು ಬೆಳೆದವರಿಗೆ ವಾಸನೆ ಇಷ್ಟವಾಗುತ್ತದೆ. ಒಂದು ಎಚ್ಚರಿಕೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ನೀರಲ್ಲಿ ನೆನೆಸಿ, ಇಲ್ಲವೇ ಬಿಡಿಸಿ ಹೊರಗೆ ಒಣಹಾಕಿ.

ಅಂದಹಾಗೆ, ಹಿಂದಿನ ಶಿಮಾನೋ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಮೊದಲನೇದು ವರ್ಷ, ಎ ಅಂದರೆ 1976. ಎರಡನೇದು ತಿಂಗಳು, ಎ ಅಂದರೆ ಜನವರಿ. ಫ್ರೇಮಿನ ವಯಸ್ಸು ಹೆಚ್ಚುಕಮ್ಮಿ ಗೊತ್ತಾಗುತ್ತದೆ.

ಮಾಳಮಡ್ಡಿ ಸವಾರ

ಅಕ್ಷರ ಆರ್, ಎಫ್. ಬೆರಳು ಮಡಚಿ ಎಣಿಸಿದೆ, 1993 ಜೂನ್. ನನಗಿಂತ ಎರಡು ವರ್ಷ ದೊಡ್ಡದು.

ಲೇಥ್ ಕೆಲಸ ಆಯಿತು. ಭಾನುವಾರ ಕೆಲಗೇರಿ ಕೆರೆ ಕಡೆ ಕೆಮ್ಮಣ್ಣಿನ ದಾರಿಯಲ್ಲಿ ಓಡಿಸಿದೆ. ಸ್ಟೀಲ್ ಫ್ರೇಮು ಕಲ್ಲಿನ ಮೇಲೆ ಹೋಗುವಾಗ ಏನು ಹಿತ ಅಂತೀರಿ! ಮುಂದೆ ಸಸ್ಪೆನ್ಶನ್ ಇಲ್ಲ ಅನ್ನುವುದೇ ಮರೆತೆ. ಅದೇ ಹುಮ್ಮಸ್ಸಿನಲ್ಲಿ ಬುಧವಾರ ನವಲಗುಂದ ರಸ್ತೆಯಿಂದ ಹೊಲದ ದಾರಿಗೆ ಇಳಿದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ನೂರು ಮೀಟರ್ ಅಷ್ಟೇ. ಎರಿ ಮಣ್ಣು ಟೈರಿಗೆ ಸುತ್ತಿಕೊಂಡು ಬ್ರೇಕಿನ ಸಂದಿಯಲ್ಲಿ ತುಂಬಿ ಗಾಲಿ ತಿರುಗುವುದೇ ನಿಂತಿತು. ಹೆಗಲ ಮೇಲೆ ಹೊತ್ತು ತಂದೆ. 2.10ರ ಬದಲು ತೆಳ್ಳಗಿನ ಟೈರ್ ಹಾಕಿದರೆ ಸರಿಹೋಗುತ್ತದಾ?

ಗದಗ ಗಾಳಿ

ಸಂದಿ ಸ್ವಲ್ಪ ಜಾಸ್ತಿ ಸಿಗುತ್ತದೆ, 1.75 ಹಾಕಿ ನೋಡಿ. ಆದರೆ ಎರಿ ಮಣ್ಣಿಗೆ ಟೈರ್ ಉತ್ತರ ಅಲ್ಲ. ಮಳೆ ಆದ ಮೇಲೆ ಎರಡು ದಿನ ಬಿಸಿಲು ಬೀಳಲಿ. ಎತ್ತಿನ ಬಂಡಿಯವರೇ ಇಳಿಯದ ದಾರಿಗೆ ನೀವು ಇಳಿದಿದ್ದೀರಿ. ಮಣ್ಣು ಒಣಗುವ ಮೊದಲೇ ಕಡ್ಡಿಯಲ್ಲಿ ತೆಗೆಯಿರಿ, ಒಣಗಿದರೆ ಸಿಮೆಂಟ್.

ಏಲಕ್ಕಿ ಹಾರ

ಇದನ್ನೆಲ್ಲ ಓದಿ ನನ್ನ ಹಳೇ ಸೈಕಲ್ಲಿನ ಪೋಸ್ಟಿಗೂ ಆಯಸ್ಕಾಂತ ಹಿಡಿದೆ. ಅಂಟುತ್ತಿದೆ. ಕಾಸ್ಟಿಕ್ ತಂದಿಟ್ಟಿದ್ದೆ.

ಗೋಕುಲ್ ರೋಡ್ ಪಾನಾ

ಅಂಗಡಿಗೆ ವಾಪಸ್ ಕೊಡಿ. ಸ್ಟೀಲಿಗೆ ಅದು ಏನೂ ಮಾಡುವುದಿಲ್ಲ. ಸೀಳಿನ ಫೋಟೋ ತೆಗೆದು ಬೇರೆ ಚರ್ಚೆ ಶುರು ಮಾಡಿ, ನೋಡೋಣ. ಅದಕ್ಕೂ ಮೊದಲು ಮನೆಯ ಹಿರಿಯರನ್ನು ಕೇಳಿ.