ಸಿಪ್ಪೆ ನಂಬಿ ಕೆಟ್ಟವರು

ಹಿಡಿದ ಮಳೆ ಬಿಟ್ಟಿರಲಿಲ್ಲ. ಸಾಗರದ ಹತ್ತಿರ ಪರಮೇಶಿಯ ಮನೆ ಜಗಲಿಯಲ್ಲಿ ಹರಟೆಗೆ ಕೂತಿದ್ದೆವು. ಮೂಲೆಯ ಬಕೆಟ್ಟಿನಲ್ಲಿ ಹೆಚ್ಚಿದ ಬಿದಿರಿನ ಕಳಲೆ ನೆನೆಯುತ್ತಿತ್ತು. ಬೆಂಗಳೂರಿನಿಂದ ಬಂದಿದ್ದ ವಿಶು ಸುಮ್ನೆ ಒಂದು ಹೋಳು ಎತ್ತಿ ಬಾಯಿಗೆ ಹಾಕಲು ಹೋದ.

"ಏಯ್, ಇಡೋ ಕೆಳಗೆ!" ಒಳಗಿನಿಂದ ಸಾವಿತ್ರಕ್ಕ ಕೂಗಿದರು. "ನಿನ್ನೆ ಹಾಕಿದ್ದು ಅದು. ಇನ್ನೂ ಎರಡು ಸಲ ನೀರು ಬದಲಿಸಬೇಕು."

"ನೀನು ಕುಕ್‌ನ ಹಡಗಿನಲ್ಲಿ ಇರಬೇಕಿತ್ತು ಮಾರಾಯ," ಅಂದೆ.

"ಯಾವ ಕುಕ್ಕು? ಅಡುಗೆಯವನಾ?"

"ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್. 1770ರ ಜೂನ್‌ನಲ್ಲಿ ಅವನ ಎಂಡೆವರ್ ಹಡಗು ಆಸ್ಟ್ರೇಲಿಯಾದ ಈಶಾನ್ಯ ತೀರದಲ್ಲಿ ಹವಳದ ದಿಬ್ಬಕ್ಕೆ ಬಡಿದು ತೂತಾಯಿತು. ಹೇಗೋ ಒಂದು ನದಿಯ ಬಾಯಿಗೆ ತಂದು ರಿಪೇರಿಗೆ ಕೂತರು. ಸುಮಾರು ಏಳು ವಾರ."

"ನನ್ನ ಬೈಕು ಗ್ಯಾರೇಜಿಗೆ ಹೋಗಿ ಒಂಬತ್ತು ವಾರ ಆಯ್ತು," ಅಂದ ಪರಮೇಶಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅದು ಗೂಗು ಯಿಮಿದಿರ್ ಅನ್ನುವ ಮೂಲನಿವಾಸಿ ಜನರ ನೆಲ. ಅವರು ಬೆಂಕಿ ಹಾಕಿದ ಜಾಗದ ಸುತ್ತ ಒಂದು ಕಾಯಿಯ ಸಿಪ್ಪೆ ರಾಶಿ ಬಿದ್ದಿತ್ತು. ಸೈಕಾಡ್ ಅನ್ನುವ ಗಿಡ, ನೋಡಲು ಕುಳ್ಳ ಈಚಲಿನ ಹಾಗೆ. ಇಲ್ಲಿಯವರು ತಿಂದಿದ್ದಾರೆ ಅಂದಮೇಲೆ ನಮಗೇನು ಅಂತ ಹಡಗಿನ ಕೆಲವು ದೊಡ್ಡ ಮನುಷ್ಯರು ಬೀಜ ಬಾಯಿಗೆ ಹಾಕಿದರು."

"ಆಮೇಲೆ?"

"ಮೇಲೂ ಹೋಯಿತು, ಕೆಳಗೂ ಹೋಯಿತು. ಜೊತೆಗಿದ್ದ ಸಸ್ಯತಜ್ಞ ಜೋಸೆಫ್ ಬ್ಯಾಂಕ್ಸ್ ಬರೆದಿಟ್ಟಿದ್ದಾನೆ. ಹಡಗಿನ ಹಂದಿಗಳೂ ತಿಂದವು. ಹಂದಿಗೆ ಏನು ಹಾಕಿದರೂ ದಕ್ಕುತ್ತೆ ಅಲ್ವಾ? ಎರಡು ಸತ್ತವು. ಉಳಿದವನ್ನು ಬದುಕಿಸುವಷ್ಟರಲ್ಲಿ ಸಾಕುಸಾಕಾಯಿತು."

ಸಾವಿತ್ರಕ್ಕ ಸೌಟು ಹಿಡಿದೇ ಹೊರಗೆ ಬಂದರು. "ಮತ್ತೆ ಆ ಊರಿನವರು ಹೇಗೆ ತಿಂತಿದ್ರು?"

"ಬೀಜ ಒಡೆದು, ತೆಳ್ಳಗೆ ಹೆಚ್ಚಿ, ಹೆಣೆದ ಚೀಲಕ್ಕೆ ತುಂಬಿ ಹರಿಯುವ ನೀರಿನಲ್ಲಿ ದಿನಗಟ್ಟಲೆ ಬಿಡುತ್ತಿದ್ದರು. ವಿಷ ನೀರಿಗೆ ಹೋಗುತ್ತೆ. ಆಮೇಲೆ ಅರೆದು, ತಟ್ಟಿ, ಬೂದಿಯಲ್ಲಿ ಸುಟ್ಟರೆ ರೊಟ್ಟಿ."

"ಅಯ್ಯೋ, ಕಳಲೆ ಕೆಲಸವೇ! ಸಿಪ್ಪೆ ನೋಡಿದ್ರು, ಬಕೆಟ್ ನೋಡಲಿಲ್ಲ," ಅಂದರು ಸಾವಿತ್ರಕ್ಕ. ನಾನು ಎರಡು ದಿನ ಓದಿ ತಿಳಿದದ್ದನ್ನು ಅವರು ಸೌಟು ಆಡಿಸಿ ಮುಗಿಸಿಬಿಟ್ಟರು.

"ಪಾಪ, ಮೊದಲ ಸಲ ಅಲ್ವಾ? ಗೊತ್ತಾಗಲಿಲ್ಲ," ಅಂದ ವಿಶು, ತನ್ನದೇ ಕೇಸು ಅನ್ನುವ ಹಾಗೆ.

"ಮೊದಲ ಸಲ ಎಲ್ಲಿ? 1697ರ ಜನವರಿಯಲ್ಲೇ ಡಚ್ ಕ್ಯಾಪ್ಟನ್ ವ್ಲಾಮಿಂಗ್‌ನ ಜನ ಈಗಿನ ಪರ್ತ್ ಊರಿನ ಸ್ವಾನ್ ನದಿಯ ಹತ್ತಿರ ಇದೇ ಜಾತಿಯ ಬೀಜ ತಿಂದರು. ರುಚಿಯಾಗಿಯೇ ಇತ್ತಂತೆ. ಮೂರು ಗಂಟೆ ಕಳೆಯಿತು ನೋಡು, ಹೆಣಕ್ಕೂ ನಮಗೂ ವ್ಯತ್ಯಾಸವೇ ಇಲ್ಲ ಅನ್ನುವಷ್ಟು ವಾಂತಿ. ಅಲ್ಲಿಯ ನೂಂಗಾರ್ ಜನ ತಿನ್ನುತ್ತಿದ್ದದ್ದು ಬೀಜದ ಮೇಲಿನ ಕೆಂಪು ತಿರುಳನ್ನು. ಅದನ್ನೂ ನೆನೆಸಿ, ಮಣ್ಣಿನಲ್ಲಿ ಹೂತಿಟ್ಟು ಆಮೇಲೆ. ಇವರು ಅದನ್ನು ಬಿಟ್ಟು ಒಳಗಿನದನ್ನು ಅಗಿದರು. 1802ರಲ್ಲಿ ಇನ್ನೊಬ್ಬ ಇಂಗ್ಲಿಷ್ ನಾವಿಕ ಫ್ಲಿಂಡರ್ಸ್‌ನ ಜನಕ್ಕೂ ದಕ್ಷಿಣ ತೀರದಲ್ಲಿ ಇದೇ ಗತಿ. ಆ ಜಾಗದ ಹೆಸರು ಲಕ್ಕಿ ಬೇ."

"ಲಕ್ಕಿ!" ಪರಮೇಶಿ ಬಿದ್ದು ಬಿದ್ದು ನಕ್ಕ. "105 ವರ್ಷದಲ್ಲಿ ಮೂರು ಸಲ ಅದೇ ವಾಂತಿ. ಒಬ್ಬನಾದರೂ ಅಲ್ಲಿಯ ಹೆಂಗಸರನ್ನು ಕೇಳಬಾರದಿತ್ತಾ?"

"ಭಾಷೆ ಬರಬೇಕಲ್ಲೋ," ಅಂದ ವಿಶು.

"ಕಾಂಗರೂ ಅನ್ನೋ ಹೆಸರು ಕುಕ್‌ನ ಕಡೆಯವರು ಬರೆದುಕೊಂಡಿದ್ದು ಅದೇ ನದಿಯ ದಡದಲ್ಲಿ, ಅದೇ ಜನರ ಬಾಯಿಂದ," ಅಂದೆ. "ಪ್ರಾಣಿಯ ಹೆಸರು ಕೇಳೋಕೆ ಭಾಷೆ ಇತ್ತು. ಊಟದ ವಿಷಯಕ್ಕೆ ಮಾತ್ರ ಇರಲಿಲ್ಲ."

ವಿಶುವಿನ ಕಣ್ಣು ಮತ್ತೆ ಬಕೆಟ್ಟಿನ ಕಡೆ ಹೋಯಿತು. ಸಾವಿತ್ರಕ್ಕ ಬಿಡಲಿಲ್ಲ. "ಸುಮ್ನೆ ಕೂರಬೇಡ, ಆ ನೀರು ಬಸಿದು ಹೊಸದು ತುಂಬು. ಪಲ್ಯ ನಾಡಿದ್ದು."

ಅವನು ಬಕೆಟ್ ಎತ್ತಿಕೊಂಡು ಹಿತ್ತಿಲಿಗೆ ಹೋದ. ಸ್ವಲ್ಪ ಹೊತ್ತಿಗೆ ಮಳೆಯ ಸದ್ದಿನ ನಡುವೆ ಕೂಗು ಕೇಳಿತು.

"ಅಕ್ಕಾ, ಈ ನೀರು ದನಕ್ಕೆ ಇಡಬಹುದಾ?"

"ಹಂದಿ ಕಥೆ ಈಗ ತಾನೆ ಕೇಳಿದ್ಯಲ್ಲೋ!"